ಟ್ಯಾಂಕಿಗೆ ಪ್ಯಾಚ್ ಬೇಡ ಮಾರಾಯ್ರೆ

ಮೊನ್ನೆ ಅಲೆವೂರಿಗೆ ಹೋದಾಗ ನಮ್ಮ ಹಳೇ ಪಿಕಪ್‌ನ ಅಡಿಯಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. "ಖಾಲಿ ಮಾಡಿ ಒಂದು ವೆಲ್ಡಿಂಗ್ ಹೊಡೆಸಿದ್ರಾಯ್ತು" ಅಂದ್ರು ಅಪ್ಪ. ಪ್ಯಾಚ್ ಹಾಕಿಯೇ ಸಂಬಳ ತಗೊಳ್ಳುವ ನಾನೇ ಬೇಡ ಅಂದೆ :-) ಖಾಲಿ ಟ್ಯಾಂಕ್ ಅಂದ್ರೆ ಅಪಾಯ ಇಲ್ಲ ಅಂತಲ್ಲ. ಒಳಗೆ ಉಳಿದ ಪಸೆ ವೆಲ್ಡಿಂಗ್ ಬಿಸಿಗೆ ಆವಿಯಾಗಿ, ಗಾಳಿ ಜೊತೆ ಸೇರಿ ಸಿಡಿಯಬಹುದು. ನೀರು ಹಾಕಿ ತೊಳೆದರೂ ಮೂಲೆಯಲ್ಲಿ ಉಳಿದಿರುತ್ತೆ.

ಅಲ್ಲದೆ ಈ ತುಕ್ಕು ಒಳಗಿಂದ ಬಂದದ್ದು. ಅರ್ಧ ಟ್ಯಾಂಕ್ ಇಟ್ಟು ಗಾಡಿ ನಿಲ್ಲಿಸಿದರೆ ನಮ್ಮ ಮಳೆಗಾಲದ ತೇವದ ಗಾಳಿ ಒಳಗೇ ನೀರಾಗುತ್ತೆ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ಕೂತು ತಿನ್ನುತ್ತೆ. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು!

ಬ್ಯಾಟರಿ ವೈರ್ ಕಳಚಿ, ಡೀಸೆಲ್ ಇಳಿಸಿ, ಹೊಸ ಟ್ಯಾಂಕ್ ಕೂರಿಸಲು ಇಡೀ ಭಾನುವಾರ ಹಿಡಿಯಿತು. ಹಳೇದನ್ನು ಅಪ್ಪ ಇನ್ನೂ ಗುಜರಿಗೆ ಕೊಟ್ಟಿಲ್ಲ. ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತಂತೆ...