ಯಂತ್ರ ಹೇಳುವ ಬೆಲೆ, ಕೈಗೆ ಬರುವ ಬೆಲೆ: ಡೊಮೈನ್ ಕೊಳ್ಳುವವರು ಎಷ್ಟು ನಂಬಬೇಕು?

ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗಬಹುದು ಎಂದು ಊಹಿಸಿದ ದಿಲ್ಲಿಯ ಯುವ ಆ್ಯಪ್ ಡೆವಲಪರ್ ಒಬ್ಬರು 2023ರಲ್ಲಿ 'ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್' ಎಂಬ ಡೊಮೈನ್ ನೋಂದಾಯಿಸಿಕೊಂಡರು. 2024ರ ಅಕ್ಟೋಬರ್‌ನಲ್ಲಿ, ವಿಲೀನ ಇನ್ನೇನು ಮುಗಿಯುತ್ತದೆ ಎನ್ನುವಾಗ, ಕೇಂಬ್ರಿಜ್‌ನಲ್ಲಿ ಓದುವ ಖರ್ಚು ಕೊಟ್ಟರೆ ಹೆಸರು ಬಿಟ್ಟುಕೊಡುತ್ತೇನೆ ಎಂದು ರಿಲಯನ್ಸ್‌ಗೆ ಬಹಿರಂಗವಾಗಿ ಬರೆದರು. ಖರ್ಚು ಸುಮಾರು 1 ಕೋಟಿ ರೂಪಾಯಿ. ಕಂಪೆನಿ ಒಪ್ಪಲಿಲ್ಲ. ಆಮೇಲೆ ಆ ಹೆಸರು ದುಬೈಯಲ್ಲಿರುವ ಇಬ್ಬರು ಮಕ್ಕಳ ಕೈಸೇರಿತು, ಅವರು ಅದನ್ನು ಕಂಪೆನಿಗೆ ಪುಕ್ಕಟೆ ಕೊಡಲು ಮುಂದಾದರು. 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಶುರುವಾಯಿತು.

ಒಂದೇ ಹೆಸರು, ಒಂದೆರಡು ವರ್ಷದೊಳಗೆ ಮೂರು ಬೆಲೆ: ಸಾವಿರ ರೂಪಾಯಿ ಆಸುಪಾಸಿನ ನೋಂದಣಿ ಶುಲ್ಕ, ಒಂದು ಕೋಟಿ, ಸೊನ್ನೆ. ಈ ಮೂರನ್ನು ತೀರ್ಮಾನಿಸಿದ್ದು ವಿಲೀನದ ಸುದ್ದಿ, ಟ್ರೇಡ್‌ಮಾರ್ಕ್ ಕಾನೂನು ಮತ್ತು ಕಂಪೆನಿಯ ಹಟ. ಡೊಮೈನ್ ಹೆಸರು ಹಾಕಿದ ಕೂಡಲೇ 'ಇದರ ಬೆಲೆ ಇಷ್ಟು ಡಾಲರ್' ಎಂದು ಹೇಳುವ ಸ್ವಯಂಚಾಲಿತ ಸಾಧನಗಳಿಗೆ ಈ ಮೂರರಲ್ಲಿ ಒಂದನ್ನೂ ಅಳೆಯಲಾಗದು. ಆದರೂ ಗಲ್ಫ್‌ನಲ್ಲಿ ಅಂಗಡಿ, ಮಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡು ಆನ್‌ಲೈನ್ ವ್ಯಾಪಾರಕ್ಕಿಳಿಯುವವರು ಇವತ್ತು ಮೊದಲು ನೋಡುವುದು ಆ ಅಂಕಿಯನ್ನೇ.

ಎಸ್ಟಿಬಾಟ್, ಗೋಡ್ಯಾಡಿಯಂಥ ಸಾಧನಗಳು ಮಾಡುವ ಕೆಲಸ ಮಂತ್ರವೇನಲ್ಲ. ಹೆಸರನ್ನು ಪದಗಳಾಗಿ ಒಡೆಯುತ್ತವೆ, ಅಕ್ಷರ ಎಣಿಸುತ್ತವೆ, ಕೊನೆಯಲ್ಲಿರುವುದು ಡಾಟ್ ಕಾಮೋ ಡಾಟ್ ಇನ್ನೋ ನೋಡುತ್ತವೆ, ಅಂಥದೇ ಹೆಸರುಗಳು ಹಿಂದೆ ಎಷ್ಟಕ್ಕೆ ಮಾರಾಟವಾದವು ಎಂದು ಹೋಲಿಸಿ ಒಂದು ಅಂದಾಜು ಕೊಡುತ್ತವೆ. ಉಪ್ಪಳದಲ್ಲೋ ಬಂಟ್ವಾಳದಲ್ಲೋ ಜಾಗ ಕೊಂಡವರಿಗೆ ಇದು ಬೇಗ ಅರ್ಥವಾಗುತ್ತೆ. ಕೇರಳ ಸರಕಾರದ 'ಫೇರ್ ವ್ಯಾಲ್ಯೂ', ಕರ್ನಾಟಕದ ಮಾರ್ಗಸೂಚಿ ದರ ಎರಡೂ ಕಾಗದದಲ್ಲಿವೆ. ಹೆದ್ದಾರಿ ಬದಿಯ 5 ಸೆಂಟ್ಸ್ ಜಾಗ ನಿಜಕ್ಕೂ ಎಷ್ಟಕ್ಕೆ ಕೈಬದಲಾಯಿತು ಎಂಬುದು ಬ್ರೋಕರ್‌ಗೆ ಮಾತ್ರ ಗೊತ್ತು. ಸರಕಾರಿ ದರದಿಂದ ಮುದ್ರಾಂಕ ಶುಲ್ಕವಾದರೂ ಲೆಕ್ಕವಾಗುತ್ತೆ, ಡೊಮೈನ್ ಸಾಧನದ ಅಂಕಿಗೆ ಆ ಬಲವೂ ಇಲ್ಲ.

ಮುಖ್ಯ ಕೊರತೆ ಇರುವುದು ಯಂತ್ರ ಕಲಿತ ಪಾಠದಲ್ಲೇ. ಅದರ ಮುಂದಿರುವುದು ಮಾರಾಟವಾದ, ಅದರಲ್ಲೂ ಬೆಲೆ ಬಹಿರಂಗವಾದ ಹೆಸರುಗಳು. ಗಿರಾಕಿಯೇ ಬಾರದೆ ವರ್ಷಗಟ್ಟಲೆ ಬಿದ್ದಿರುವ ಲಕ್ಷಾಂತರ ಹೆಸರುಗಳಿಗೆ ಮಾರಾಟದ ಬೆಲೆ ಅಂತ ಒಂದಿಲ್ಲ, ಹಾಗಾಗಿ ಆ ಪಟ್ಟಿಯಲ್ಲಿ ಜಾಗವೂ ಇಲ್ಲ. ಇನ್ನೊಂದು, ಡೊಮೈನ್ ಎಂಬುದು ಅಕ್ಕಿ-ಅಡಿಕೆಯಂತೆ ಕ್ವಿಂಟಾಲ್ ಲೆಕ್ಕದ ಸರಕಲ್ಲ. ಒಂದು ಹೆಸರಿಗೆ ಇಡೀ ಜಗತ್ತಿನಲ್ಲಿ ಒಬ್ಬನೇ ಗಿರಾಕಿ ಇರಬಹುದು. 2005ರಲ್ಲಿ ಫೇಸ್‌ಬುಕ್ ತನ್ನ ಡಾಟ್ ಕಾಮ್ ಹೆಸರಿಗೆ ಕೊಟ್ಟದ್ದು 2 ಲಕ್ಷ ಡಾಲರ್. ಐದು ವರ್ಷದ ನಂತರ 'ಎಫ್‌ಬಿ' ಎಂಬ ಎರಡೇ ಅಕ್ಷರದ ಡಾಟ್ ಕಾಮ್‌ಗೆ ಅಮೆರಿಕದ ರೈತ ಸಂಘಟನೆಯೊಂದಕ್ಕೆ 85 ಲಕ್ಷ ಡಾಲರ್ ಕೊಟ್ಟಿತು. 2019ರಲ್ಲಿ 'ವಾಯ್ಸ್ ಡಾಟ್ ಕಾಮ್' 3 ಕೋಟಿ ಡಾಲರ್‌ಗೆ ಹೋಯಿತು. ಇವು ಆ ಗಿರಾಕಿಯ ಗರಜು ಮತ್ತು ಜೇಬು ನೋಡಿ ಕುದುರಿದ ಬೆಲೆಗಳು. ಆ ಗಿರಾಕಿ ಇಲ್ಲದಿದ್ದರೆ ಆ ಬೆಲೆಯೂ ಇಲ್ಲ.

ಅಂಕಿ ಹೇಳುವವರು ಯಾರು ಎಂಬುದನ್ನೂ ನೋಡಬೇಕು. ಗೋಡ್ಯಾಡಿ ಬೆಲೆ ಅಂದಾಜಿಸುವ ಕಂಪೆನಿ ಮಾತ್ರ ಅಲ್ಲ, ಹೆಸರು ಮಾರುವ, ಹರಾಜು ನಡೆಸುವ ಕಂಪೆನಿಯೂ ಹೌದು. ಅಂದಾಜು ಬೇಕಂತಲೇ ಏರಿಸುತ್ತಾರೆ ಎಂದಲ್ಲ. ಆದರೆ ತಕ್ಕಡಿ ಅಂಗಡಿಯವನದ್ದೇ ಎಂಬುದು ನೆನಪಿರಲಿ. ಹಳೆಯ ಮಾರಾಟದ ಬೆಲೆಗಳೆಲ್ಲ ಶುದ್ಧ ಎಂದೂ ಅಲ್ಲ. ತನ್ನ ಉದ್ಯೋಗಿಯೊಬ್ಬ 2005ರಿಂದ ಸುಳ್ಳು ಹೆಸರಿನಲ್ಲಿ ಹರಾಜು ಕೂಗುತ್ತಿದ್ದ ಎಂದು ಸ್ನ್ಯಾಪ್‌ನೇಮ್ಸ್ ಎಂಬ ಹರಾಜು ಸಂಸ್ಥೆ 2009ರಲ್ಲಿ ಒಪ್ಪಿಕೊಂಡು, ನಷ್ಟವಾದವರಿಗೆ ಹಣ ಮರಳಿಸಲು ಮುಂದಾಗಬೇಕಾಯಿತು. ಹೀಗೆ ಬೆಲೆ ಏರಿಸಲೆಂದೇ ಕೂಗುವುದಕ್ಕೆ ಫಿಕ್ಹ್‌ನಲ್ಲಿ ನಜ್ಶ್ ಎನ್ನುತ್ತಾರೆ, ಪ್ರವಾದಿ(ಸ) ಅದನ್ನು ನಿಷೇಧಿಸಿದ್ದಾರೆ. ಹಾಗೆ ಏರಿದ ಬೆಲೆ ಪಟ್ಟಿಯಲ್ಲಿ ಸೇರಿಕೊಂಡರೆ ಯಂತ್ರಕ್ಕೆ ಹಲಾಲ್-ಹರಾಮ್ ಗೊತ್ತಾಗುತ್ತದೆಯೇ?

ನಮ್ಮ ಭಾಷೆಗಳ ವಿಷಯದಲ್ಲಂತೂ ಸಾಧನ ಬಹುತೇಕ ಕುರುಡು. 'ಬ್ಯಾರಿ' ಎಂಬುದನ್ನು ಇಂಗ್ಲಿಷ್‌ನಲ್ಲಿ ಬಿ-ಇ-ಎ-ಆರ್-ವೈ ಎಂದೂ ಬರೆಯುತ್ತಾರೆ, ಬಿ-ವೈ-ಎ-ಆರ್-ಐ ಎಂದೂ ಬರೆಯುತ್ತಾರೆ. ಮೊದಲನೆಯದರಲ್ಲಿ ಯಂತ್ರಕ್ಕೆ ಕರಡಿ ಕಂಡರೆ ಆಶ್ಚರ್ಯವಿಲ್ಲ. 'ಪತ್ತಿರ್' ಎಂಬ ಪದಕ್ಕೆ ದೇರಾದಲ್ಲಿ ಹೋಟೆಲ್ ಇಡುವವನ ಮಟ್ಟಿಗೆ ಬೆಲೆಯಿದೆ, ಹೋಲಿಸಲು ಹಳೆಯ ಮಾರಾಟವಿಲ್ಲದ ಯಂತ್ರದ ಮಟ್ಟಿಗೆ ಇಲ್ಲ. ಇದರಿಂದ ಅಪಾಯ ತಿರುಗಿಯೂ ಬರುತ್ತೆ. ಯಂತ್ರ ಕಡಿಮೆ ಹೇಳಿತು ಅಂತ ಮನೆತನದ ಅಂಗಡಿಯ ಹೆಸರನ್ನು ನವೀಕರಿಸದೆ ಬಿಟ್ಟರೆ, ಇನ್ಯಾರೋ ಅದನ್ನು ಎತ್ತಿಕೊಳ್ಳಬಹುದು. ಆ ಹೆಸರಿಗೆ ಕಟ್ಟಿದ ಇ-ಮೇಲ್, ಆ ಇ-ಮೇಲ್‌ಗೆ ಬರುವ ಬ್ಯಾಂಕಿನ ಪತ್ರಗಳೂ ಅದರ ಜೊತೆಗೇ ಹೋಗುತ್ತವೆ.

ಹೆಚ್ಚು ಕಳವಳದ ಸಂಗತಿ ಬೇರೆಯೇ ಇದೆ. ನೂರು ಹೆಸರು ಕೊಂಡಿಟ್ಟು, ಯಂತ್ರದ ಅಂಕಿಗಳನ್ನು ಕೂಡಿಸಿ, 'ನನ್ನ ಬಳಿ 40 ಲಕ್ಷದ ಆಸ್ತಿ ಇದೆ' ಅಂತ ಹೇಳುವುದು ಸುಲಭ. ಅದೇ ಸ್ಕ್ರೀನ್‌ಶಾಟ್ ತೋರಿಸಿ ಅಳಿಯಂದಿರು, ಕಾಕಂದಿರ ಗಲ್ಫ್ ದುಡಿಮೆಯನ್ನು ಪಾಲುದಾರಿಕೆಗೆ ಕೇಳುವುದೂ ಸುಲಭ. 2019ರ ಐಎಂಎ ಹಗರಣ ನೋಡಿದ ಸಮುದಾಯಕ್ಕೆ ಕಾಗದದ ಮೇಲಿನ ಲಾಭ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ನೂರರಲ್ಲಿ ಒಂದೆರಡು ಮಾರಾಟವಾದರೆ ಅದೇ ಹೆಚ್ಚು ಎಂಬುದು ಈ ವ್ಯಾಪಾರದಲ್ಲಿ ಪಳಗಿದವರದೇ ಮಾತು. ನೂರು ಹೆಸರಿಗೆ ತಲಾ ಸಾವಿರದಂತೆ ನವೀಕರಣವೇ ವರ್ಷಕ್ಕೆ ಲಕ್ಷ ರೂಪಾಯಿ. ಮಾರಾಟವಾದರೆ ಎಷ್ಟಕ್ಕೆ ಎಂದು ಸಾಧನ ಹೇಳುತ್ತದೆ, ಆಗುತ್ತದೋ ಇಲ್ಲವೋ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ. ವ್ಯಾಪಾರದ ಸರಕಿಗೆ ವರ್ಷಾಂತ್ಯದ ಮಾರುಕಟ್ಟೆ ಬೆಲೆಯ ಮೇಲೆ ಎರಡೂವರೆ ಶೇಕಡಾ ಝಕಾತ್ ಇದೆ. ಡೊಮೈನ್‌ಗೆ ಆ ಬೆಲೆ ಕಟ್ಟುವುದು ಹೇಗೆ ಎಂಬುದನ್ನು ಉಲಮಾಗಳು ಹೇಳಬೇಕು. ಆದರೆ ಯಂತ್ರ ಹೇಳಿದ 40 ಲಕ್ಷಕ್ಕೆ ಝಕಾತ್ ತೆಗೆಯಿರಿ ಎಂದು ನೋಡಿ, ಆ ಬೆಲೆ ನಿಜವಲ್ಲ ಅಂತ ಮಾಲಕನೇ ಮೊದಲು ಹೇಳಿಯಾನು.

ಕಾನೂನಿನ ಮಾತು ಚಿಕ್ಕದು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನ ರಕ್ಷಣೆಯ ತತ್ವ ಅನ್ವಯಿಸುತ್ತದೆ ಎಂದು ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಇನ್ನೊಬ್ಬರ ಬ್ರಾಂಡ್ ಅಡಗಿರುವ ಹೆಸರಿಗೆ ಸಾಧನ ದೊಡ್ಡ ಅಂಕಿ ತೋರಿಸಿದರೆ ಅದು ವ್ಯಾಜ್ಯದ ಮುನ್ಸೂಚನೆ ಎಂದೇ ತಿಳಿಯಬೇಕು. ವಿಳಾಸದ ಕೊನೆಯ ಭಾಗಕ್ಕೂ ರಾಜಕೀಯ ಇದೆ. ಟೆಕ್ ಕಂಪೆನಿಗಳ ಅಚ್ಚುಮೆಚ್ಚಿನ 'ಡಾಟ್ ಐಒ' ಬ್ರಿಟನ್‌ನ ಹಿಂದೂ ಮಹಾಸಾಗರ ಪ್ರದೇಶಕ್ಕೆ ಸೇರಿದ್ದು. ಆ ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದ ಮೇಲೆ ಆ ವಿಳಾಸದ ಭವಿಷ್ಯವೇ ಚರ್ಚೆಗೆ ಬಂತು. ಯುಗೊಸ್ಲಾವಿಯದ 'ಡಾಟ್ ವೈಯು' 2010ರಲ್ಲಿ ಹೀಗೆಯೇ ಇಲ್ಲವಾಗಿತ್ತು.

ಹಾಗಂತ ಸಾಧನವನ್ನು ಕಸದ ಬುಟ್ಟಿಗೆ ಎಸೆಯಬೇಕಿಲ್ಲ. ಐವತ್ತು ಹೆಸರುಗಳಲ್ಲಿ ಹತ್ತನ್ನು ಆರಿಸಲು ಅದು ಸಾಕು. ಇಂಗ್ಲಿಷ್ ಪದಗಳ ಡಾಟ್ ಕಾಮ್‌ಗಳಲ್ಲಿ ಯಾವುದು ಯಾವುದಕ್ಕಿಂತ ಮೇಲು ಎಂಬ ಸಾಲು ಹೆಚ್ಚಾಗಿ ಸರಿಯಿರುತ್ತೆ, ನಂಬಬಾರದ್ದು ಡಾಲರ್ ಅಂಕಿಯನ್ನು. ಹಣ ಕೊಡುವ ಹಂತಕ್ಕೆ ಬಂದಾಗ ನೇಮ್‌ಬಯೋದಲ್ಲಿ ಅಂಥ ಹೆಸರುಗಳ ನಿಜವಾದ ಮಾರಾಟ ಹುಡುಕಬೇಕು. ಆ ವಿಳಾಸದಲ್ಲಿ ಹಿಂದೆ ಜೂಜು, ಮೋಸ ಏನಾದರೂ ನಡೆದಿತ್ತೇ ಎಂದು ವೇಬ್ಯಾಕ್ ಮೆಷಿನ್‌ನಲ್ಲಿ ನೋಡಬೇಕು, ಭಾರತದ ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಹೆಸರು ಹಾಕಿ ಪರೀಕ್ಷಿಸಬೇಕು. ದೊಡ್ಡ ಮೊತ್ತವಾದರೆ ಹೆಸರು ಕೈಸೇರುವವರೆಗೆ ಹಣ ಮಧ್ಯವರ್ತಿಯ ಎಸ್ಕ್ರೋ ಖಾತೆಯಲ್ಲಿರಲಿ. ಇನ್ನು, 'ನಿಮ್ಮ ಡೊಮೈನ್‌ಗೆ ಭಾರೀ ಬೆಲೆ ಕೊಡುತ್ತೇವೆ, ಆದರೆ ಮೊದಲು ನಾವು ಹೇಳಿದ ಕಡೆ ಶುಲ್ಕ ಕಟ್ಟಿ ಮೌಲ್ಯಮಾಪನ ಪ್ರಮಾಣಪತ್ರ ತನ್ನಿ' ಎಂಬ ಇ-ಮೇಲ್ ಬಂದರೆ, ಅಲ್ಲಿ ಗಿರಾಕಿಯೂ ಇಲ್ಲ, ಬೆಲೆಯೂ ಇಲ್ಲ. ಇರುವುದು ಆ ಶುಲ್ಕ ಮಾತ್ರ.