ನೋಟಿನ ಎಳೆಯೂ ಸಂತೆಯ ಅರಿವೂ

ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿಯೂ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿಯೂ, ಮಾಲೂರಿನ ಹೆಂಚು ಇಟ್ಟಿಗೆಗಳ ವ್ಯವಹಾರದಲ್ಲಿಯೂ ಕೈಯಿಂದ ಕೈಗೆ ಸಾಗುವ ನೋಟಿನೊಳಗೆ, ಖೋಟಾಗಾರರೊಡನೆ ಒಂದೂವರೆ ಶತಮಾನದಿಂದ ನಡೆದುಬಂದ ಹೋರಾಟದ ಚರಿತ್ರೆಯೇ ಅಡಗಿದೆ.

1861ರ ಕಾಗದದ ಹಣದ ಕಾಯಿದೆಯ ತರುವಾಯ ವಿಕ್ಟೋರಿಯಾ ರಾಣಿಯ ಭಾವಚಿತ್ರದೊಡನೆ ಒಂದೇ ಮಗ್ಗುಲಲ್ಲಿ ಅಚ್ಚಾಗಿ ಬಂದ ನೋಟುಗಳು, ಕೈಯಿಂದ ತಯಾರಿಸಿದ ಕಾಗದದಲ್ಲಿ ಜಲಚಿಹ್ನೆಯನ್ನು ಧರಿಸಿದ್ದರೂ, ನಕಲಿನ ಹಾವಳಿಯನ್ನು ತಾಳಲಾರದೆ 1867ರಲ್ಲಿ ಹೊಸ ಮಾದರಿಗೆ ಎಡೆಗೊಟ್ಟವು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಹತ್ತು ರೂಪಾಯಿಯ ನೋಟನ್ನು ಅತಿ ನೈಪುಣ್ಯದಿಂದ ಅನುಕರಿಸಲಾಗಿ, ಆರನೆಯ ಜಾರ್ಜ್ ದೊರೆಯ ಪಾರ್ಶ್ವಮುಖದ ಜಲಚಿಹ್ನೆಯು ಪೂರ್ಣಮುಖವಾಯಿತು. ಭದ್ರತಾ ಎಳೆಯೂ ಆಗಲೇ ಮೊದಲ ಬಾರಿಗೆ ಭಾರತದ ನೋಟನ್ನು ಪ್ರವೇಶಿಸಿತು. ಇಂದು ವ್ಯಾಪಾರಿಯು ನೋಟನ್ನು ಬೆಳಕಿಗೆ ಹಿಡಿದು ಹುಡುಕುವುದು ಆ ಎಳೆಯನ್ನೇ.

1996ರ ಗಾಂಧಿ ಸರಣಿಯಲ್ಲಿ ದೃಷ್ಟಿಹೀನರು ಬೆರಳಿನಿಂದಲೇ ಮೌಲ್ಯವನ್ನರಿಯುವಂತೆ ಮೂಡಿಸಿದ ಉಬ್ಬುಗುರುತನ್ನು, ಈ ಎಲ್ಲ ಕೌಶಲಗಳಿಗಿಂತಲೂ ಮಾನವೀಯವಾದುದೆಂದು ನಾನು ಎಣಿಸುತ್ತೇನೆ; ಆದರೆ ಬೆವರು ಧೂಳುಗಳಲ್ಲಿ ಬಹುಕಾಲ ಸುತ್ತಿದ ನೋಟಿನಲ್ಲಿ ಅದು ಸವೆದುಹೋಗುವುದರಿಂದ, ಜೀರ್ಣವಾದ ನೋಟುಗಳನ್ನು ಬ್ಯಾಂಕುಗಳು ಬೇಗನೆ ಹಿಂಪಡೆಯುವುದು ಅತ್ಯವಶ್ಯ.

ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ತೆಲುಗೂ ಇವೆ. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲಿನಲ್ಲಿ ಎರಡನ್ನೂ ಬಲ್ಲವರು ಹೇರಳ. ಆದುದರಿಂದ, ಶ್ರೀನಿವಾಸಪುರ, ಕೋಲಾರ, ಮಾಲೂರು, ಮುಳಬಾಗಿಲು ತಾಲ್ಲೂಕುಗಳ ಕೃಷಿ ಮಾರುಕಟ್ಟೆ ಸಮಿತಿಗಳು ಜಲಚಿಹ್ನೆ, ಎಳೆ, ಉಬ್ಬಚ್ಚುಗಳನ್ನು ಪರೀಕ್ಷಿಸುವ ಕ್ರಮವನ್ನು ಚಿತ್ರಸಹಿತವಾಗಿ, ಈ ಎರಡು ಭಾಷೆಗಳಲ್ಲಿಯೂ ಬರೆಯಿಸಿ, ಹರಾಜುಕಟ್ಟೆಯ ಬಳಿಯಲ್ಲಿಯೇ ತೂಗುಹಾಕಬೇಕು. ಬೆಳೆದವನು ಹಣವೆಣಿಸುವ ಸ್ಥಳವೇ ಅದಕ್ಕೆ ಯೋಗ್ಯವಾದುದು.