ಕೋರ್ಸ್ ಮಗಳಿಗೆ, ಸಾಲ ಅಪ್ಪನಿಗೆ

‘ತಿಂಗಳಿಗೆ ಬರೀ ನಾಲ್ಕು ಸಾವಿರ ಮೇಡಂ, ಬಡ್ಡಿ ಇಲ್ಲ. ನಿಮ್ ತಂದೆಯವರ ಪ್ಯಾನ್, ಆಧಾರ್ ಕಳಿಸಿ ಸಾಕು.’

ಆನ್‌ಲೈನ್ ಕೋರ್ಸ್ ವಿಚಾರಿಸೋಕೆ ಒಮ್ಮೆ ನಂಬರ್ ಕೊಟ್ಟವರಿಗೆಲ್ಲ ಈ ಥರದ ಫೋನ್ ಗೊತ್ತು. ಡೇಟಾ ಸೈನ್ಸೋ, ಕೋಡಿಂಗೋ, ಮಾತು ಶುರುವಾಗೋದು ಇಎಂಐಯಿಂದ. ಕಂತಲ್ಲಿ ಫೀಸ್ ಕಟ್ಟುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಕಾಗದದಲ್ಲಿ ಅದು ಸಾಲ.

ವ್ಯವಹಾರ ಸರಳ. ಹಣಕಾಸು ಕಂಪನಿಯೊಂದು ನಿಮ್ಮ ಹೆಸರಲ್ಲಿ ಕೋರ್ಸ್ ಕಂಪನಿಗೆ ಫೀಸಿನ ಹಣ ಮೊದಲೇ ಕೊಡುತ್ತದೆ. ‘ನೋ ಕಾಸ್ಟ್’ ಅಂದರೆ ಬಡ್ಡಿಯನ್ನು ಕೋರ್ಸ್ ಕಂಪನಿ ಭರಿಸುತ್ತದೆ. ಅದನ್ನು ಫೀಸಿನಲ್ಲೇ ಸೇರಿಸಿರಲೂಬಹುದು. ಮೂರನೇ ತಿಂಗಳು ಲೈವ್ ಕ್ಲಾಸ್ ನಿಂತು ಹಳೇ ವಿಡಿಯೊ ಬರತೊಡಗಿತು ಅನ್ನಿ. ಕೋರ್ಸ್‌ನವರು ‘ರಿಫಂಡ್ ಅವಧಿ ಮುಗೀತು’ ಅಂತಾರೆ. ಸಾಲದವರು ‘ಕ್ಲಾಸಿಗೂ ನಮಗೂ ಸಂಬಂಧ ಇಲ್ಲ’ ಅಂತಾರೆ. ಕಂತು ಮಾತ್ರ ನಿಲ್ಲಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳೋದು ಸಹಿ ಹಾಕಿದ ಅಪ್ಪನದು. ನಾಳೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅದರ ಬಿಸಿ ತಟ್ಟುತ್ತದೆ.

ಇದರ ಮೇಲೆ ತೆರಿಗೆ ಬೇರೆ. ಕಾನೂನಿನ ಮಾನ್ಯತೆ ಇರುವ ಪದವಿಯ ಫೀಸಿಗೆ ಜಿಎಸ್‌ಟಿ ಇಲ್ಲ. ಖಾಸಗಿ ಸರ್ಟಿಫಿಕೇಟ್ ಕೋರ್ಸಿಗೆ 18%. ಲಕ್ಷ ರೂಪಾಯಿ ಕೋರ್ಸಿಗೆ 18,000 ಸರ್ಕಾರಕ್ಕೆ, ಅದೂ ಸಾಲ ಮಾಡಿಯೇ.

ಹಾಗಂತ ಸೇರುವವರು ದಡ್ಡರಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಕ್ಯಾಂಪಸ್ ಸಂದರ್ಶನದಲ್ಲಿ ಕೇಳಿದ ಎಷ್ಟೋ ಸಂಗತಿಯನ್ನು ಕ್ಲಾಸಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇಜು ಬಿಟ್ಟ ಆ ಜಾಗವೇ ಇವರ ಮಾರುಕಟ್ಟೆ.

ಸರ್ಕಾರದ ಬಳಿ ಉತ್ತರ ಇಲ್ಲದೇ ಇಲ್ಲ. 2017ರಲ್ಲಿ ಬಂದ ‘ಸ್ವಯಂ’ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರಷ್ಟೇ ಶುಲ್ಕ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40%ರಷ್ಟು ಕೋರ್ಸ್‌ಗಳನ್ನು ಅಲ್ಲೇ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಆದರೆ ‘ಕೊಡಬಹುದು’ ಅನ್ನೋದು ‘ಕೊಡಲೇಬೇಕು’ ಆಗಿಲ್ಲ. ಎಂಜಿನಿಯರಿಂಗ್ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲೇ ಇವೆ. ಕನ್ನಡ ಮಾಧ್ಯಮದಿಂದ ಬಂದವಳಿಗೆ ಡೌಟ್ ಕೇಳೋಕೆ ಒಬ್ಬ ಮೇಷ್ಟ್ರು ಬೇಕು. ಖಾಸಗಿಯವರು ‘ಮೆಂಟರ್’ ಅಂತ ಮಾರೋದು ಅದನ್ನೇ.

ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳು ವಾರ್ಷಿಕ ಬಡ್ಡಿ, ಒಟ್ಟು ವೆಚ್ಚವನ್ನು ಮೊದಲೇ ಬರೆದುಕೊಡಬೇಕು, ಸಾಲದಿಂದ ಹಿಂದೆ ಸರಿಯಲು ಸ್ವಲ್ಪ ಕಾಲಾವಕಾಶ ಕೊಡಬೇಕು ಅನ್ನುತ್ತವೆ. ಒಳ್ಳೆಯದೇ. ಆದರೆ ಕೋರ್ಸ್ ಟೊಳ್ಳು ಅಂತ ಗೊತ್ತಾಗೋಕೆ ತಿಂಗಳುಗಳೇ ಬೇಕು.

ಆದ್ದರಿಂದ ನಾವು ಕೇಳಬೇಕಾದ್ದು ಒಂದೇ: ಪಾಠ ನಡೆದಷ್ಟು ತಿಂಗಳ ದುಡ್ಡು ಮಾತ್ರ ಕೋರ್ಸ್ ಕಂಪನಿಗೆ ಹೋಗಲಿ, ಕ್ಲಾಸ್ ನಿಂತರೆ ಕಂತೂ ನಿಲ್ಲಲಿ. ಆಗ ಪಾಠ ಹೇಗಿದೆ ಅಂತ ಸಾಲ ಕೊಡುವವರೂ ವಿಚಾರಿಸ್ತಾರೆ.

ಅಲ್ಲಿವರೆಗೆ, ಅಪ್ಪನ ಫೋನಿಗೆ ಬಂದ ಒಟಿಪಿ ಹೇಳುವ ಮುಂಚೆ ಸಾಲದ ಕಾಗದ ಕೇಳಿ ಓದಿ.